‘ಹೂಂ’ ಎನ್ನುವವರ ಮನಸ್ಸನ್ನು ಅಳೆಯುವುದು ಹೇಗೆ?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಆಸುಪಾಸಿನಲ್ಲಿ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಅಂಕಿ ಕಾಣಿಸಿಕೊಳ್ಳುತ್ತದೆ: ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಸಮೀಕ್ಷೆ ನಡೆಸಿದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಮನೆಮನೆಗೆ ಹೋಗಿ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಬರುವಂತಹ ಪ್ರಶ್ನೆಗಳನ್ನು ಕೇಳಿ ಪಡೆದ ಅಂಕಿ ಅದು. ಅಂತಹ ಪ್ರಶ್ನೆಗಳಿಗೆ ತನ್ನ ಮನಸ್ಸಿನಲ್ಲಿರುವುದನ್ನು ಉತ್ತರವಾಗಿ ಕೊಡಲಾರದ ಒಬ್ಬ ಮನುಷ್ಯ ನನ್ನ ಮನೆಯಲ್ಲಿದ್ದಾನೆ. ಅವನು ನನ್ನ ತಮ್ಮ, ಈಗ 46 ವರ್ಷ, ಶೇ 75ರ ಬೌದ್ಧಿಕ ವೈಕಲ್ಯ ಎಂದು ಅವನ ಗುರುತಿನ ಚೀಟಿಯಲ್ಲಿದೆ. ಅವನಂಥವರಿಗೂ ಖಿನ್ನತೆ ಬರುತ್ತದೆ, ಆತಂಕ ಬರುತ್ತದೆ, ಕೆಲವರಿಗೆ ತೀವ್ರವಾದ ಮನೋರೋಗವೂ ಬರುತ್ತದೆ. ಅದು ಬಂದಿದೆಯೋ ಇಲ್ಲವೋ ಎಂದು ಕಂಡುಹಿಡಿಯುವ ವಿಧಾನಗಳನ್ನು ಕನ್ನಡದಲ್ಲಿ, ಅವರನ್ನೇ ಜೊತೆಗಿಟ್ಟುಕೊಂಡು ರೂಪಿಸುವ ಸಂಶೋಧನೆ ಈ ರಾಜ್ಯದಲ್ಲಿ ತುರ್ತಾಗಿ ಆಗಬೇಕು ಎಂಬುದೇ ಈ ಪತ್ರದ ವಿಷಯ. ಪತ್ರ ಸ್ವಲ್ಪ ಉದ್ದವಾಗಿದೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ಈ ಪತ್ರದಲ್ಲಿ ‘ಬೌದ್ಧಿಕ ವೈಕಲ್ಯ’ ಎಂಬ ಪದವನ್ನೇ ಬಳಸುತ್ತಿದ್ದೇನೆ. ‘ಬುದ್ಧಿಮಾಂದ್ಯ’ ಎಂಬ ಹಳೆಯ ಪದವನ್ನು ಕಾನೂನು ಬಿಟ್ಟರೂ ನಮ್ಮ ಬೀದಿ ಇನ್ನೂ ಬಿಟ್ಟಿಲ್ಲ. ಬೌದ್ಧಿಕ ವೈಕಲ್ಯವೇ ಬೇರೆ, ಮಾನಸಿಕ ಕಾಯಿಲೆಯೇ ಬೇರೆ ಎಂದು ಜನರಿಗೆ ತಿಳಿಹೇಳಲು ನಮ್ಮಂತಹ ಕುಟುಂಬದವರು ದಶಕಗಳ ಕಾಲ ಗಂಟಲು ಹರಿದುಕೊಂಡಿದ್ದೇವೆ. ‘ಹುಚ್ಚ’ ಎಂದು ಕಲ್ಲೆಸೆಯುವ ಹುಡುಗರಿಂದ ಹಿಡಿದು ಸೀಟು ಕೊಡದ ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ ಅದನ್ನೇ ಹೇಳಿದ್ದೇವೆ. ಕಾನೂನು ಕೂಡ ಇದನ್ನು ಒಪ್ಪಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆಯಾಗಿಯೇ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಮಾನಸಿಕ ಕಾಯಿಲೆಯನ್ನು ವ್ಯಾಖ್ಯಾನಿಸುವಾಗಲೇ ಬುದ್ಧಿಮಾಂದ್ಯ ಅದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಹೀಗೆ ಬೇರ್ಪಡಿಸಿದ್ದು ಸರಿಯೇ. ಆದರೆ ಎರಡೂ ಬೇರೆ ಎಂದು ಹೇಳುತ್ತ ಹೇಳುತ್ತ, ಒಬ್ಬನೇ ಮನುಷ್ಯನಿಗೆ ಎರಡೂ ಇರಬಹುದು ಎಂಬುದನ್ನು ನಾವೂ ಮರೆತೆವು, ವ್ಯವಸ್ಥೆಯೂ ಮರೆಯಿತು. 2011ರ ಜನಗಣತಿಯನ್ನೇ ನೋಡಿ. ಕರ್ನಾಟಕದ 13,24,205 ವಿಕಲಚೇತನರಲ್ಲಿ 93,974 ಮಂದಿ ಬುದ್ಧಿಮಾಂದ್ಯದ ಕಲಮಿನಲ್ಲಿಯೂ 20,913 ಮಂದಿ ಮಾನಸಿಕ ಕಾಯಿಲೆಯ ಕಲಮಿನಲ್ಲಿಯೂ ಸೇರಿದ್ದಾರೆ. ಎರಡೂ ಇದ್ದವರಿಗೆ ಉಳಿದದ್ದು ‘ಬಹುವಿಧ ವೈಕಲ್ಯ’ ಎಂಬ ಕಲಮು. ಅದರಲ್ಲಿ ಕಣ್ಣು ಕಾಣದೆ ಕಿವಿಯೂ ಕೇಳದವರು, ಕಾಲಿನ ಜೊತೆ ಮಾತಿನ ತೊಂದರೆಯೂ ಇದ್ದವರು ಎಲ್ಲರೂ ಒಟ್ಟಿಗೇ ಇದ್ದಾರೆ. ಇಂತಹ ಎಣಿಕೆಯಿಂದ ಯಾವ ತಾಲ್ಲೂಕಿಗೆ ಎಂತಹ ವೈದ್ಯರು ಬೇಕು ಎಂದು ಯಾರು ಲೆಕ್ಕ ಹಾಕುತ್ತಾರೆ?

ನನ್ನ ತಮ್ಮನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದನ್ನು ಬಿಟ್ಟರೆ ಈ ವಿಷಯದಲ್ಲಿ ಮಾತನಾಡಲು ನನಗೆ ಬೇರೆ ಅಧಿಕಾರವಿಲ್ಲ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವೈದ್ಯೆಯಲ್ಲ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಬೆಳಿಗ್ಗೆ ಆರಕ್ಕೆ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುವುದು ಇಪ್ಪತ್ತು ವರ್ಷಗಳಿಂದ ತಮ್ಮನ ಕೆಲಸ. ಮಳೆಯಿರಲಿ, ಜ್ವರವಿರಲಿ, ಡೇರಿಯ ಕಾರ್ಯದರ್ಶಿ ಬೀಗ ತೆಗೆಯುವ ಮೊದಲೇ ಇವನು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಐದು ವರ್ಷಗಳ ಹಿಂದೆ, ಕಾರ್ತಿಕ ಮಾಸದಲ್ಲಿ, ನಮ್ಮ ತಾಯಿ ತೀರಿಕೊಂಡರು. ‘ಪಾಪ, ಅವನಿಗೇನು ಗೊತ್ತಾಗುತ್ತೆ, ಗಾಬರಿಯಾಗ್ತಾನೆ’ ಎಂದು ಹಿರಿಯರೆಲ್ಲ ಸೇರಿ ಹೆಣ ಎತ್ತುವ ಮೊದಲೇ ಅವನನ್ನು ಚಿಕ್ಕಮ್ಮನ ಊರಿಗೆ ಕಳಿಸಿದರು. ಹನ್ನೆರಡು ದಿನ ಕಳೆದ ಮೇಲೆ ಕರೆತಂದು, ಅಮ್ಮ ಊರಿಗೆ ಹೋಗಿದ್ದಾಳೆ ಎಂದೆವು. ಹೇಳಿದವಳು ನಾನೇ. ಆಮೇಲೆ ಸುಮಾರು ಎರಡು ತಿಂಗಳು ಅವನು ಸಂಜೆಯ ಬಸ್ಸಿನ ಹೊತ್ತಿಗೆ ನಿಲ್ದಾಣದಲ್ಲಿ ನಿಂತು, ಇಳಿಯುವವರನ್ನೆಲ್ಲ ನೋಡಿ, ಬಸ್ಸು ಹೋದ ಮೇಲೆ ಮನೆಗೆ ಬರುತ್ತಿದ್ದ. ಆಮೇಲೆ ಅಲ್ಲಿಗೆ ಹೋಗುವುದನ್ನೂ ಬಿಟ್ಟ. ಡೇರಿಗೆ ಹೋಗುವುದನ್ನೂ ಬಿಟ್ಟ. ಮುದ್ದೆಯನ್ನು ಮುರಿದು ತಟ್ಟೆಯ ಅಂಚಿಗೆ ಸಾಲಾಗಿಟ್ಟು ಎದ್ದುಹೋಗುತ್ತಿದ್ದ. ರಾತ್ರಿ ಎದ್ದು ಅಡುಗೆಮನೆಯ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ತಡೆಯಲು ಹೋದ ನನ್ನನ್ನು ಒಮ್ಮೆ ತಳ್ಳಿಬಿಟ್ಟ, ಮಣಿಕಟ್ಟು ಮುರಿಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವ ಆಸ್ಪತ್ರೆ ಎಂದು ಬರೆಯುವ ಉದ್ದೇಶ ನನಗಿಲ್ಲ, ಬೇರೆ ಯಾವ ಆಸ್ಪತ್ರೆಗೆ ಹೋಗಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿತ್ತು ಎಂದು ನನಗನಿಸುವುದಿಲ್ಲ. ಅಲ್ಲಿದ್ದ ಯುವ ವೈದ್ಯರು ಚೀಟಿ ನೋಡಿ, ‘ಇವ್ರು ಹೀಗೇ ಇರ್ತಾರಮ್ಮ, ವಯಸ್ಸಾದಂಗೆ ಹಟ ಜಾಸ್ತಿ ಆಗುತ್ತೆ’ ಎಂದರು. ಒರಟುತನದಿಂದ ಹೇಳಿದ್ದಲ್ಲ, ಸಮಾಧಾನ ಮಾಡಲೆಂದೇ ಹೇಳಿದ್ದು. ಒಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದ ತಮ್ಮ ಹಣೆ ಚಚ್ಚಿಕೊಳ್ಳುವುದನ್ನು ನಿಲ್ಲಿಸಿದ ಎನ್ನುವುದು ನಿಜ, ಏಕೆಂದರೆ ದಿನಕ್ಕೆ ಹದಿನಾರು ಗಂಟೆ ನಿದ್ದೆ ಮಾಡುತ್ತಿದ್ದ. ಎದ್ದರೆ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಕೈಕಾಲು ಮರಗಟ್ಟಿದಂತೆ ಬಿಗಿದಿರುತ್ತಿದ್ದವು. ಎಂಟು ತಿಂಗಳು ಹೀಗೇ ಕಳೆಯಿತು. ಕೊನೆಗೆ ಬೇರೊಂದು ಊರಿನಲ್ಲಿ ಒಬ್ಬ ಹಿರಿಯ ವೈದ್ಯೆ ಅವನನ್ನು ನೋಡುವ ಮೊದಲು ನನ್ನನ್ನು ಕೇಳಿದರು: ‘ಒಂದು ವರ್ಷದ ಹಿಂದೆ ಇವರು ಏನೇನು ಮಾಡ್ತಿದ್ರು? ಅದರಲ್ಲಿ ಯಾವುದು ನಿಂತುಹೋಯ್ತು? ಅದಕ್ಕೂ ಮುಂಚೆ ಮನೇಲಿ ಏನಾಯ್ತು?’ ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಂತೆ ನನಗೇ ಅರ್ಥವಾಯಿತು. ಅವನದು ಹಟವಾಗಿರಲಿಲ್ಲ, ತಾಯಿಯನ್ನು ಕಳೆದುಕೊಂಡ ದುಃಖ ಒಳಗೇ ಬೆಳೆದು ಖಿನ್ನತೆಯಾಗಿತ್ತು.

ಇದಕ್ಕೆ ಮನೋವೈದ್ಯಶಾಸ್ತ್ರದಲ್ಲಿ ಒಂದು ಹೆಸರೇ ಇದೆ. ಬೌದ್ಧಿಕ ವೈಕಲ್ಯದ ನೆರಳು ಉಳಿದೆಲ್ಲ ರೋಗಲಕ್ಷಣಗಳ ಮೇಲೂ ಬಿದ್ದು ಅವು ವೈದ್ಯರ ಕಣ್ಣಿಗೆ ಕಾಣದಂತೆ ಆಗುವುದನ್ನು ಅಮೆರಿಕದ ಸ್ಟೀವನ್ ರೈಸ್ ಮತ್ತು ಸಹೋದ್ಯೋಗಿಗಳು 1982ರಲ್ಲಿಯೇ ಗುರುತಿಸಿ ಬರೆದರು. ಒಂದೇ ಬಗೆಯ ಲಕ್ಷಣಗಳ ವಿವರವನ್ನು ಮನಶ್ಶಾಸ್ತ್ರಜ್ಞರ ಮುಂದಿಟ್ಟಾಗ, ಆ ವ್ಯಕ್ತಿಗೆ ಬೌದ್ಧಿಕ ವೈಕಲ್ಯವಿದೆ ಎಂಬ ಒಂದು ಸಂಗತಿ ಸೇರಿದೊಡನೆ ಅವು ಚಿಕಿತ್ಸೆ ಬೇಕಾದ ರೋಗದಂತೆ ಕಾಣುವುದು ಕಡಿಮೆಯಾಗುತ್ತಿತ್ತು. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ, ಬೌದ್ಧಿಕ ವೈಕಲ್ಯವುಳ್ಳ 50 ವಯಸ್ಕರನ್ನು ಹಾಗೆ ಕಳೆದುಕೊಳ್ಳದ 50 ಮಂದಿಯೊಂದಿಗೆ ಹೋಲಿಸಿ ಇಂಗ್ಲೆಂಡಿನ ಷೀಲಾ ಹಾಲಿನ್ಸ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೂ ನಮ್ಮ ಮನೆಯ ಕತೆಯನ್ನೇ ಹೇಳುತ್ತದೆ. ಹಾಗೆ ಕಳೆದುಕೊಂಡವರಲ್ಲಿ ಮಾನಸಿಕ ತೊಂದರೆಗಳೂ ವರ್ತನೆಯ ತೊಂದರೆಗಳೂ ಹೆಚ್ಚಿದ್ದವು. ಆದರೆ ಅವರನ್ನು ನೋಡಿಕೊಳ್ಳುತ್ತಿದ್ದವರಿಗೆ ಆ ಬದಲಾವಣೆಗೂ ಸಾವಿಗೂ ನಂಟಿದೆ ಎಂದು ಸಾಮಾನ್ಯವಾಗಿ ಹೊಳೆದಿರಲಿಲ್ಲ. ಮಣಿಕಟ್ಟಿಗೆ ಬ್ಯಾಂಡೇಜ್ ಕಟ್ಟಿಕೊಂಡಿದ್ದ ನನಗೂ ಹೊಳೆದಿರಲಿಲ್ಲ.

ಇನ್ನು, ಎಷ್ಟು ಮಂದಿಗೆ ಹೀಗಾಗುತ್ತದೆ ಎಂಬ ಪ್ರಶ್ನೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ಸೀಮೆಯಲ್ಲಿ ಬೌದ್ಧಿಕ ವೈಕಲ್ಯವುಳ್ಳ 1,023 ವಯಸ್ಕರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅದರ ಫಲಿತಾಂಶವನ್ನು ನಮ್ಮ ಸಂಶೋಧಕರೂ ಅಧಿಕಾರಿಗಳೂ ನಿಧಾನವಾಗಿ ಓದಬೇಕು ಎಂದು ನನ್ನ ವಿನಂತಿ. ಈ ಕ್ಷೇತ್ರದಲ್ಲಿ ಪಳಗಿದ ವೈದ್ಯರು ತಮ್ಮ ತಿಳಿವಳಿಕೆಯಿಂದ ನೋಡಿದಾಗ ಅವರಲ್ಲಿ ಶೇ 40.9ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡಿತು. ಅದರಲ್ಲಿ ಗಂಭೀರವಾದ ವರ್ತನೆಯ ಸಮಸ್ಯೆಗಳೂ ಸೇರಿದ್ದವು. ಅದೇ ಜನರನ್ನು, ಎಲ್ಲರಿಗೂ ಬಳಸುವ ಅಮೆರಿಕದ ರೋಗನಿದಾನ ಕೈಪಿಡಿಯ ಮಾನದಂಡಗಳಿಂದ ಅಳೆದಾಗ ಸಿಕ್ಕಿದ್ದು ಶೇ 15.7 ಮಾತ್ರ. ಬೌದ್ಧಿಕ ವೈಕಲ್ಯವುಳ್ಳವರಿಗೆಂದೇ ಬ್ರಿಟನ್ನಿನ ಮನೋವೈದ್ಯರು 2001ರಲ್ಲಿ ರೂಪಿಸಿದ ಮಾನದಂಡಗಳಿಂದ ಅಳೆದಾಗ ಶೇ 35.2. ಜನ ಅವರೇ, ಬದಲಾದದ್ದು ಅಳೆಯುವ ಕೋಲು. ‘ನಿರಾಶೆಯ ಭಾವನೆ ಇದೆ ಎಂದು ರೋಗಿ ಹೇಳುತ್ತಾರೆಯೇ?’ ಎಂಬುದೇ ರೋಗದ ಗುರುತಾದರೆ ಹೇಳಲು ಬಾರದವನಿಗೆ ರೋಗವೇ ಇಲ್ಲ ಎಂದಾಗುತ್ತದೆ. ಹಾಗಾದರೆ ಈ ಗುಂಪಿನ ಬಗ್ಗೆ ಯಾವುದೇ ಸಮೀಕ್ಷೆ ‘ಸಮಸ್ಯೆ ಇಷ್ಟೇ’ ಎಂದು ಹೇಳಿದಾಗ ಅದನ್ನು ಯಾವ ಕೋಲಿನಿಂದ ಅಳೆದರು ಎಂದು ಮೊದಲು ಕೇಳಬೇಡವೇ?

ಕನ್ನಡದಲ್ಲಿ ಇಂತಹ ಕೋಲು ಮಾಡುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದು ತಮ್ಮನ ಜೊತೆ ಆಸ್ಪತ್ರೆಗಳಲ್ಲಿ ಕೂತು ನನಗೆ ಗೊತ್ತಾಗಿದೆ. ಮೊದಲ ಆಸ್ಪತ್ರೆಯಲ್ಲಿ ಪ್ರಶ್ನಾವಳಿ ಹಿಡಿದು ಬಂದ ಹುಡುಗಿ ಅವನನ್ನು ‘ಬೇಜಾರಾಗುತ್ತಾ?’ ಎಂದು ಕೇಳಿದಳು. ‘ಹೂಂ’ ಎಂದ. ಬರೆದುಕೊಂಡಳು. ‘ಖುಷಿಯಾಗಿದ್ದೀರಾ?’ ಎಂದಳು. ಅದಕ್ಕೂ ‘ಹೂಂ’ ಎಂದ. ಆಕೆ ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಆ ಹಾಳೆಯನ್ನು ಮಡಿಸಿಟ್ಟಳು. ಅವನು ಸುಳ್ಳು ಹೇಳಲಿಲ್ಲ. ಪ್ಯಾಂಟು ಶರಟಿನವರು, ಬಿಳಿ ಕೋಟಿನವರು ಏನು ಕೇಳಿದರೂ ‘ಹೂಂ’ ಎಂದರೆ ಬೇಗ ಬಿಡುತ್ತಾರೆ, ಬೈಯುವುದಿಲ್ಲ ಎಂಬುದು ಅವನು ನಲವತ್ತು ವರ್ಷಗಳಲ್ಲಿ ಕಲಿತ ಪಾಠ. ಅರ್ಥವಾಗದಿದ್ದಾಗ ಒಪ್ಪಿಬಿಡುವ ಈ ಪ್ರವೃತ್ತಿಯ ಬಗ್ಗೆ ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲೇ ಅಧ್ಯಯನಗಳಾಗಿವೆ. ಹೌದು-ಇಲ್ಲ ಪ್ರಶ್ನೆಗಳ ಬದಲು ಎರಡು ಚಿತ್ರ ತೋರಿಸಿ ಯಾವುದು ನೀನು ಎಂದು ಕೇಳುವುದು, ಒಂದೇ ಸಂಗತಿಯನ್ನು ತಿರುಗಿಸಿ ಮತ್ತೊಮ್ಮೆ ಕೇಳಿ ಉತ್ತರ ತಾಳೆಯಾಗುತ್ತದೆಯೇ ಎಂದು ನೋಡುವುದು ಮುಂತಾದ ಉಪಾಯಗಳೂ ಆಗಲೇ ಗೊತ್ತಾಗಿವೆ. ಗ್ಲಾಸ್ಗೋದಲ್ಲೇ ಬೌದ್ಧಿಕ ವೈಕಲ್ಯವುಳ್ಳವರ ಖಿನ್ನತೆಗೆ ಬೇರೆ ಮಾಪಕ, ಆತಂಕಕ್ಕೆ ಬೇರೆ ಮಾಪಕ ರೂಪುಗೊಂಡಿವೆ. ಅವುಗಳನ್ನು ರೂಪಿಸುವಾಗ ಬೌದ್ಧಿಕ ವೈಕಲ್ಯವುಳ್ಳವರ ಮಾತನ್ನೇ ಆಧಾರವಾಗಿ ಇಟ್ಟುಕೊಂಡಿದ್ದಾರೆ.

ಆದರೆ ಅವನ್ನು ತಂದು ಕನ್ನಡಕ್ಕೆ ಅನುವಾದಿಸಿದರೆ ಕೆಲಸ ಮುಗಿಯುವುದಿಲ್ಲ. ‘ಖಿನ್ನತೆ’ ಎಂಬ ಪದ ಪುಸ್ತಕದ್ದು, ನಮ್ಮ ಊರಿನಲ್ಲಿ ಎಂ.ಎ. ಓದಿದವರೂ ಮನೆಯಲ್ಲಿ ಅದನ್ನು ಆಡುವುದಿಲ್ಲ. ‘ಬೇಜಾರು’ ಎಂದರೆ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ಯಾರ ಮೇಲಾದರೂ ಮುನಿಸೂ ಹೌದು. ಒಬ್ಬ ‘ಬೇಜಾರು’ ಎಂದಾಗ ಈ ಮೂರರಲ್ಲಿ ಯಾವುದು ಎಂದು ಪ್ರಶ್ನಾವಳಿ ಬೇರ್ಪಡಿಸದಿದ್ದರೆ ಆ ಅಂಕಕ್ಕೆ ಅರ್ಥವಿಲ್ಲ. ಉತ್ತರ ಕರ್ನಾಟಕದ ‘ಬ್ಯಾಸರ’, ಕರಾವಳಿಯ ‘ತಲೆಬಿಸಿ’ ಇವಕ್ಕೆ ಇನ್ನೂ ಬೇರೆ ಬಣ್ಣಗಳಿವೆ. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು ಆಡುವ ಮಕ್ಕಳು ವಿಶೇಷ ಶಾಲೆಯಲ್ಲಿ ಕನ್ನಡ ಕಲಿತಿರುತ್ತಾರೆ, ಅವರಿಗೆ ನೋವಿನ ಮಾತು ಯಾವ ಭಾಷೆಯಲ್ಲಿ ಬರುತ್ತದೆಯೋ ಆ ಭಾಷೆಯಲ್ಲೇ ಕೇಳಬೇಕು. ಕಾಲದ ಲೆಕ್ಕದ್ದು ಮತ್ತೊಂದು ತೊಡಕು. ‘ಕಳೆದ ಎರಡು ವಾರಗಳಲ್ಲಿ’ ಎಂದು ಖಿನ್ನತೆಯ ಪ್ರಶ್ನೆಗಳು ಶುರುವಾಗುತ್ತವೆ. ನನ್ನ ತಮ್ಮನಿಗೆ ಎರಡು ವಾರ ಗೊತ್ತಿಲ್ಲ, ಆದರೆ ಸಂತೆ ಗೊತ್ತು. ‘ಹೋದ ಸಂತೆಯಿಂದ ಈಚೆಗೆ ಅಳು ಬಂತಾ?’ ಎಂದರೆ ಯೋಚಿಸಿ ಉತ್ತರ ಹೇಳುತ್ತಾನೆ, ಆಗ ‘ಹೂಂ’ ಅಲ್ಲ, ‘ಬಂತು, ದನ ಕಟ್ಟುವಾಗ’ ಎನ್ನುತ್ತಾನೆ. ಇದನ್ನು ಯಾವ ಅನುವಾದಕರು ತಾನೇ ಕೋಣೆಯೊಳಗೆ ಕೂತು ಊಹಿಸಬಲ್ಲರು?

ಇಲ್ಲಿ ಒಂದು ವಿಪರ್ಯಾಸವನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬುದ್ಧಿಯನ್ನು ಅಳೆಯಲು ಕನ್ನಡಕ್ಕೆ ಕೋಲು ಬಂದು ತೊಂಬತ್ತು ವರ್ಷಗಳೇ ಆಗಿವೆ. ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಅನೇಕ ಕಡೆ ಇವತ್ತಿಗೂ ಬಳಕೆಯಲ್ಲಿದೆ. ಇಂತಹ ಪರೀಕ್ಷೆಗಳ ಅಂಕ ನೋಡಿಯೇ ನಮ್ಮ ಮಕ್ಕಳಿಗೆ ಶೇಕಡಾವಾರು ಸಿಗುತ್ತದೆ, ಶೇಕಡಾವಾರು ನೋಡಿ ಮಾಸಾಶನ ಸಿಗುತ್ತದೆ. ಎಷ್ಟು ಬುದ್ಧಿ ಇಲ್ಲ ಎಂದು ಅಳೆಯುವುದಕ್ಕೆ ನಮ್ಮಲ್ಲಿದ್ದ ಅವಸರದ ಕಾಲುಭಾಗ, ಒಳಗೆ ಎಷ್ಟು ನೋವಿದೆ ಎಂದು ಅಳೆಯುವುದಕ್ಕೆ ಇದ್ದಿದ್ದರೆ ಸಾಕಿತ್ತು.

ಅಳತೆ ಸರಿಯಿಲ್ಲದಿದ್ದರೆ ಔಷಧವೂ ದಾರಿ ತಪ್ಪುತ್ತದೆ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪೀಟರ್ ಟೈರರ್ ಮತ್ತು ಸಂಗಡಿಗರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಮನೋವಿಕಲತೆ (ಭ್ರಮೆಗಳು ಕಾಡುವ ತೀವ್ರ ಮನೋರೋಗ) ಇಲ್ಲದ, ಆದರೆ ಆಕ್ರಮಣಕಾರಿ ವರ್ತನೆ ಇದ್ದ, ಬೌದ್ಧಿಕ ವೈಕಲ್ಯವುಳ್ಳ 86 ಮಂದಿಯಲ್ಲಿ ಆ ರೋಗದ ಔಷಧಗಳಾದ ರಿಸ್ಪೆರಿಡೋನ್ ಕೆಲವರಿಗೆ, ಹ್ಯಾಲೊಪೆರಿಡಾಲ್ ಕೆಲವರಿಗೆ, ಉಳಿದವರಿಗೆ ಔಷಧದಂತೆಯೇ ಕಾಣುವ ಬರಿಯ ಗುಳಿಗೆ ಕೊಟ್ಟರು. ನಾಲ್ಕು ವಾರಗಳಲ್ಲಿ ಮೂರೂ ಗುಂಪಿನವರ ಸಿಟ್ಟು ಇಳಿಯಿತು, ಎಲ್ಲರಿಗಿಂತ ಹೆಚ್ಚು ಇಳಿದದ್ದು ಬರಿಯ ಗುಳಿಗೆ ನುಂಗಿದವರಲ್ಲಿ. 2015ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಬೌದ್ಧಿಕ ವೈಕಲ್ಯವುಳ್ಳ 33,016 ವಯಸ್ಕರ ದಾಖಲೆಗಳ ಅಧ್ಯಯನದಲ್ಲಿ, ಮನೋವಿಕಲತೆಯ ಔಷಧ ಪಡೆದಿದ್ದವರ ಪೈಕಿ ಶೇ 71ರಷ್ಟು ಮಂದಿಯ ದಾಖಲೆಯಲ್ಲಿ ತೀವ್ರ ಮಾನಸಿಕ ಕಾಯಿಲೆಯ ಉಲ್ಲೇಖವೇ ಇರಲಿಲ್ಲ. ಮರುವರ್ಷವೇ ಇಂಗ್ಲೆಂಡಿನಲ್ಲಿ ಅನಗತ್ಯ ಔಷಧ ನಿಲ್ಲಿಸುವ ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಈ ಔಷಧಗಳೇ ಬೇಡ ಎಂದು ನಾನು ಹೇಳುತ್ತಿಲ್ಲ, ಅವುಗಳಿಂದ ಬದುಕಿಕೊಂಡವರನ್ನೂ ಕಂಡಿದ್ದೇನೆ, ಮತ್ತು ವೈದ್ಯರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸಬಾರದು. ನಾನು ಕೇಳುವುದು ಇಷ್ಟೇ: ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ, ವಸತಿ ಕೇಂದ್ರಗಳಲ್ಲಿ, ಬೌದ್ಧಿಕ ವೈಕಲ್ಯವುಳ್ಳ ಎಷ್ಟು ಮಂದಿಗೆ ಯಾವ ಔಷಧವನ್ನು ಯಾವ ಕಾರಣಕ್ಕೆ ಎಷ್ಟು ವರ್ಷಗಳಿಂದ ಕೊಡುತ್ತಿದ್ದೇವೆ ಎಂದು ಯಾರಾದರೂ ಎಣಿಸಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹಳೆಯ ಕೇಸ್ ಶೀಟುಗಳೇ ಸಾಕು.

ಸಂಶೋಧನೆ ಎಂದೊಡನೆ ಕೆಲವು ಪೋಷಕರು ಹಿಂಜರಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ನ್ಯೂಯಾರ್ಕಿನ ವಿಲ್ಲೋಬ್ರೂಕ್ ಎಂಬ ವಸತಿ ಶಾಲೆಯಲ್ಲಿ 1950ರ ದಶಕದ ಮಧ್ಯಭಾಗದಿಂದ ಹಲವು ವರ್ಷ ಬೌದ್ಧಿಕ ವೈಕಲ್ಯವುಳ್ಳ ಮಕ್ಕಳಿಗೆ ಬೇಕೆಂದೇ ಕಾಮಾಲೆಯ ಸೋಂಕು ಹಚ್ಚಿ ಅಧ್ಯಯನ ಮಾಡಿದರು. ಅಂತಹ ಇತಿಹಾಸದಿಂದಾಗಿ ಸಂಶೋಧನೆಯ ನೀತಿಸಂಹಿತೆಗಳು ಬಿಗಿಯಾದವು, ಆಗಲೇಬೇಕಿತ್ತು. ಆದರೆ ರಕ್ಷಣೆಗೆಂದು ಹಾಕಿದ ಬೇಲಿ ಈಗ ಹೊರಗಿಡುವ ಗೋಡೆಯಾಗಿದೆ. 2007ರಿಂದ 2011ರವರೆಗೆ ಪ್ರತಿಷ್ಠಿತ ಪತ್ರಿಕೆಗಳಲ್ಲಿ ಬಂದ 300 ಚಿಕಿತ್ಸಾ ಪ್ರಯೋಗಗಳನ್ನು ಕೆನಡಾದ ತಂಡವೊಂದು ಪರಿಶೀಲಿಸಿದಾಗ, ಬೌದ್ಧಿಕ ವೈಕಲ್ಯವುಳ್ಳವರನ್ನು ಸೇರಿಸಿಕೊಂಡದ್ದು ಖಚಿತವಾಗಿ ಕಂಡದ್ದು ಆರರಲ್ಲಿ ಮಾತ್ರ. ‘ಲಿಖಿತ ಒಪ್ಪಿಗೆ ಕೊಡಲಾರದವರು ಬೇಡ’, ‘ಪ್ರಶ್ನಾವಳಿ ತುಂಬಲಾರದವರು ಬೇಡ’ ಎಂಬ ಒಂದೊಂದು ಸಾಲು ಸಾಕು. ಹೀಗೆ ಪ್ರಯೋಗದಿಂದ ಹೊರಗಿಟ್ಟು, ಆಮೇಲೆ ಅದೇ ಮಾತ್ರೆಯನ್ನು ಅವರಿಗೂ ಬರೆದುಕೊಡುತ್ತೇವೆ.

ನಮ್ಮ ಕಾನೂನು ಈ ವಿಷಯದಲ್ಲಿ ಹಲವರು ತಿಳಿದಿರುವುದಕ್ಕಿಂತ ಮುಂದಿದೆ. 2016ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ವಿಕಲಚೇತನ ವ್ಯಕ್ತಿಯನ್ನು ಸಂಶೋಧನೆಗೆ ಒಳಪಡಿಸಬೇಕಾದರೆ ಅವರಿಗೆ ಅರ್ಥವಾಗುವ ರೀತಿಯಲ್ಲಿ, ಅವರಿಗೆ ಎಟುಕುವ ಮಾಧ್ಯಮದಲ್ಲಿ ವಿವರಿಸಿ ಅವರ ಸ್ವಇಚ್ಛೆಯ ಒಪ್ಪಿಗೆ ಪಡೆಯಬೇಕು. ಅದರ ಜೊತೆಗೆ ಸರ್ಕಾರ ರಚಿಸುವ ವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯ ಕನಿಷ್ಠ ಅರ್ಧದಷ್ಟು ಸದಸ್ಯರು ವಿಕಲಚೇತನರೋ ನೋಂದಾಯಿತ ಸಂಘಟನೆಗಳ ಸದಸ್ಯರೋ ಆಗಿರಬೇಕು. ಈ ‘ಅಥವಾ’ ನನಗೆ ಸ್ವಲ್ಪ ಇರುಸುಮುರುಸು ಉಂಟುಮಾಡುತ್ತದೆ, ಏಕೆಂದರೆ ನನ್ನಂತಹ ಮನೆಯವರನ್ನೂ ಸ್ವಯಂಸೇವಾ ಸಂಸ್ಥೆಗಳ ಪದಾಧಿಕಾರಿಗಳನ್ನೂ ಕೂರಿಸಿದರೆ, ಬೌದ್ಧಿಕ ವೈಕಲ್ಯವುಳ್ಳ ಒಬ್ಬರೂ ಇಲ್ಲದೆಯೇ ನಿಯಮ ಪಾಲನೆಯಾಗಿಬಿಡುತ್ತದೆ. ನಮ್ಮ ರಾಜ್ಯದಲ್ಲಿ ಈ ಸಮಿತಿಯ ಸದಸ್ಯರು ಯಾರು, ಅದು ಎಂದೆಂದು ಸಭೆ ಸೇರಿತು, ಎಷ್ಟು ಅರ್ಜಿಗಳಿಗೆ ಒಪ್ಪಿಗೆ ಕೊಟ್ಟಿತು ಎಂಬುದನ್ನು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಲಿ.

ಸಂಶೋಧನೆಯ ಹೆಸರಿನಲ್ಲಿ ನಮ್ಮ ಮನೆಗೆ ಇದುವರೆಗೆ ಮೂರು ಬಾರಿ ವಿದ್ಯಾರ್ಥಿಗಳು ಬಂದಿದ್ದಾರೆ. ಮೂರು ಬಾರಿಯೂ ಒಪ್ಪಿಗೆಯ ಹಾಳೆಗೆ ಸಹಿ ಹಾಕಿದವಳು ನಾನು, ಉತ್ತರ ಹೇಳಿದವಳು ನಾನು. ಇವರನ್ನು ನೋಡಿಕೊಳ್ಳುವುದರಿಂದ ನಿಮಗೆ ನಿದ್ದೆ ಕೆಡುತ್ತದೆಯೇ, ಖರ್ಚು ಎಷ್ಟಾಗುತ್ತದೆ, ನೆಂಟರ ಮನೆಗೆ ಹೋಗಲು ಮುಜುಗರವೇ, ಇವರು ನಿಮಗೆ ಹೊರೆ ಎನಿಸುತ್ತದೆಯೇ ಎಂದೆಲ್ಲ ಕೇಳಿದರು. ತಮ್ಮ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ನೋಡಿಕೊಳ್ಳುವವರ ಬವಣೆಯೂ ಅಧ್ಯಯನಕ್ಕೆ ತಕ್ಕ ವಿಷಯವೇ, ಅದನ್ನು ಅನುಭವಿಸಿದವಳಾಗಿ ಅಲ್ಲಗಳೆಯಲಾರೆ. ಆದರೆ ‘ಹೊರೆ’ ಎಂಬ ಪ್ರಶ್ನೆ ಬಂದಾಗ ಅವನು ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ್ದನ್ನು ಆ ವಿದ್ಯಾರ್ಥಿ ಗಮನಿಸಲಿಲ್ಲ. ಒಂದು ಕಾಯಿಯನ್ನಾದರೂ ಅವನ ಕೈಯಿಂದ ಇಸಕೊಂಡು ‘ನಿನ್ನನ್ನು ಒಂದು ಮಾತು ಕೇಳಲಾ?’ ಎಂದಿದ್ದರೆ ಅವನು ಹೇಳುತ್ತಿದ್ದನೋ ಏನೋ.

ಹಾಗೆ ಕೇಳಿ ನಡೆಸಿದ ಅಧ್ಯಯನಗಳಿಲ್ಲವೆಂದಲ್ಲ. ಐರ್ಲೆಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನವರು ಬೌದ್ಧಿಕ ವೈಕಲ್ಯವುಳ್ಳ, 40 ವರ್ಷ ದಾಟಿದ 753 ಮಂದಿಯನ್ನು ಸೇರಿಸಿಕೊಂಡು ಆರಂಭಿಸಿದ ಅಧ್ಯಯನ ಹದಿನೈದು ವರ್ಷ ದಾಟಿದೆ. ಕೆಲವು ವರ್ಷಗಳಿಗೊಮ್ಮೆ ಅವರ ಬಳಿ ಮತ್ತೆ ಹೋಗಿ, ದೇಹ ಹೇಗಿದೆ, ಮನಸ್ಸು ಹೇಗಿದೆ, ಗೆಳೆಯರು ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ಪ್ರಶ್ನೆಗಳನ್ನು ಸಿದ್ಧಪಡಿಸುವಾಗಲೂ ಬೌದ್ಧಿಕ ವೈಕಲ್ಯವುಳ್ಳವರ ಸಲಹೆ ಪಡೆಯುತ್ತಾರೆ. ವಯಸ್ಸಿನ ಮಾತು ಇಲ್ಲಿ ಮುಖ್ಯ. ನಮ್ಮಲ್ಲಿ ಬೌದ್ಧಿಕ ವೈಕಲ್ಯ ಎಂದರೆ ಶಾಲೆ, ತರಬೇತಿ, ಮಕ್ಕಳ ಕ್ರೀಡಾಕೂಟ ಇಷ್ಟೇ ನೆನಪಾಗುತ್ತವೆ. ಆ ಮಕ್ಕಳಿಗೆ ಐವತ್ತಾಗುತ್ತದೆ, ಅಪ್ಪ ಅಮ್ಮ ಹೋಗುತ್ತಾರೆ, ಅಣ್ಣನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ವಸತಿ ಕೇಂದ್ರಕ್ಕೆ ದಾಟುತ್ತಾರೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಮರೆವಿನ ಕಾಯಿಲೆಯಾದ ಆಲ್ಝೈಮರ್ಸ್ ಉಳಿದವರಿಗಿಂತ ದಶಕಗಳಷ್ಟು ಮೊದಲೇ ಬರಬಹುದು. ಅವರಲ್ಲಿ ಥೈರಾಯ್ಡ್ ಕೊರತೆಯೂ ಹೆಚ್ಚು, ಅದು ನೋಡಲು ಖಿನ್ನತೆಯಂತೆಯೇ ಇರುತ್ತದೆ. ಇವೆಲ್ಲವನ್ನೂ ಬಿಡಿಸಿ ನೋಡಬಲ್ಲ ಕಣ್ಣು ಸಂಶೋಧನೆಯಿಂದಲೇ ಬರಬೇಕು.

ನಮ್ಮ ರಾಜ್ಯಕ್ಕೆ ಇದು ಮೀರಿದ ಕೆಲಸವಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಮಾತು ಬಾರದವರ ಜೊತೆ ಮಾತಾಡುವ ವಿದ್ಯೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಳೆಸಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಡೆದ ಪ್ರಯತ್ನ. ಮೊದಲ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಎರಡನೆಯ ಸುತ್ತಿನ ರಾಷ್ಟ್ರೀಯ ಸಮೀಕ್ಷೆಯ ಹೊಣೆಯೂ ನಿಮ್ಹಾನ್ಸ್ ಮೇಲೆಯೇ ಇದೆ, ಅದರ ಜೊತೆಗೆ ಒಂದೆರಡು ಜಿಲ್ಲೆಗಳಲ್ಲಾದರೂ ಬೌದ್ಧಿಕ ವೈಕಲ್ಯವುಳ್ಳ ವಯಸ್ಕರನ್ನು ಅವರಿಗೆ ಒಗ್ಗುವ ವಿಧಾನದಿಂದ ಪ್ರತ್ಯೇಕವಾಗಿ ನೋಡುವ ಅಧ್ಯಯನ ನಡೆಯಲಿ. ಪಂಚಾಯಿತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಯಾವ ಜನಗಣತಿಗಿಂತಲೂ ಚೆನ್ನಾಗಿ ಗೊತ್ತು. ಆ ಹಿರಿಯ ವೈದ್ಯೆ ಕೇಳಿದ ಮೂರು ಪ್ರಶ್ನೆಗಳನ್ನು ಕೇಳುವುದನ್ನು ಅವರಿಗೂ ಆಶಾ ಕಾರ್ಯಕರ್ತೆಯರಿಗೂ ಕಲಿಸಿದರೆ ಎಷ್ಟು ಮಂದಿ ಸಮಯಕ್ಕೆ ಸರಿಯಾಗಿ ವೈದ್ಯರ ಬಳಿ ತಲುಪುತ್ತಾರೆ ಎಂಬುದೇ ಒಂದು ಒಳ್ಳೆಯ ಸಂಶೋಧನಾ ವಿಷಯ. 14416ಕ್ಕೆ ಕರೆ ಮಾಡಿ ಮನಸ್ಸಿನ ನೋವು ಹೇಳಿಕೊಳ್ಳುವ ಟೆಲಿ ಮಾನಸ್ ಸೇವೆ ಒಳ್ಳೆಯದೇ, ಆದರೆ ಫೋನಿನಲ್ಲಿ ಹೇಳಿಕೊಳ್ಳಲಾರದವರ ಪರವಾಗಿ ಮನೆಯವರು ಕರೆ ಮಾಡಿದಾಗ ಏನು ಕೇಳಬೇಕು ಎಂಬುದನ್ನೂ ಯಾರಾದರೂ ಪರೀಕ್ಷಿಸಿ ಬರೆದಿಡಬೇಕು.

ತಮ್ಮನ ವಿಷಯ ಅರ್ಧಕ್ಕೆ ಬಿಟ್ಟೆ. ಆ ವೈದ್ಯೆ ಹಳೆಯ ಮಾತ್ರೆಯನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಿ, ಖಿನ್ನತೆಗೆ ಬೇರೆ ಔಷಧ ಕೊಟ್ಟರು. ಅಮ್ಮ ಸತ್ತಿದ್ದಾಳೆ ಎಂದು ಅವನಿಗೆ ನಾನೇ ಹೇಳಬೇಕೆಂದರು. ಹೇಳಿದೆ, ತೋಟದ ಮೂಲೆಯ ಸಮಾಧಿಗೆ ಕರೆದುಕೊಂಡು ಹೋದೆ. ಬಹಳ ಹೊತ್ತು ನೋಡಿ, ‘ಬಸ್ಸಲ್ಲಿ ಬರಲ್ವಾ?’ ಎಂದ. ಇಲ್ಲ ಎಂದೆ. ಆ ದಿನ ಅತ್ತದ್ದು ಬಿಟ್ಟರೆ ಮುಂದೆ ಹಣೆ ಚಚ್ಚಿಕೊಂಡದ್ದನ್ನು ನಾನು ಕಾಣೆ. ಈಗ ಮತ್ತೆ ಡೇರಿಗೆ ಹೋಗುತ್ತಾನೆ. ವೈದ್ಯೆ ಹೇಳಿಕೊಟ್ಟಂತೆ ಪ್ರತಿ ರಾತ್ರಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ತಾನೇ ಒಂದು ಗುರುತು ಹಾಕುತ್ತಾನೆ: ಚೆನ್ನಾಗಿದ್ದರೆ ಸೊನ್ನೆ, ಅಳು ಬಂದಿದ್ದರೆ ಅಡ್ಡಗೀಟು. ಕಾರ್ತಿಕದಲ್ಲಿ ಪ್ರತಿ ವರ್ಷ ಗೀಟುಗಳು ಹೆಚ್ಚುತ್ತವೆ. ನಾಲ್ಕು ವರ್ಷದ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಸಂಶೋಧಕರು ಯಾರಾದರೂ ಬಂದು ಕೇಳಿದರೆ ಕೊಡಲು ನನ್ನ ಅಡ್ಡಿಯಿಲ್ಲ, ಆದರೆ ಅವು ಅವನವು. ಮೊದಲು ಅವನನ್ನು ಕೇಳಬೇಕು, ‘ಹೂಂ’ ಎಂದರೆ ಇನ್ನೊಂದು ಬಗೆಯಲ್ಲಿ ಮತ್ತೊಮ್ಮೆ ಕೇಳಬೇಕು.

ಇಂತಿ,
ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ
(ತಮ್ಮನ ಖಾಸಗಿತನದ ದೃಷ್ಟಿಯಿಂದ ಹೆಸರು ಪ್ರಕಟಿಸಬಾರದಾಗಿ ಕೋರುತ್ತೇನೆ)